ಬಣ್ಣ ಚಲೋ, ತೇವ ಜಾಸ್ತಿ

ಎಲ್ಲಕ್ಕೂ ಮೂಲ ಒಂದು ಚೀಟಿ. ಅದನ್ನು ಬರೆದವನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯೊಂದರ ಗುಮಾಸ್ತ ಸಿದ್ದಲಿಂಗೇಶ. ಅವನ ಸಾವ್ಕಾರ ನಿಜಲಿಂಗಪ್ಪನವರ ಮಗಳು ಸ್ನೇಹಾ ಹೊಸ ಗಂಡನ ಜೊತೆ ಗೋಕರ್ಣಕ್ಕೆ ಹೊರಟಾಗ ಆ ಚೀಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗಿದ್ದಳು. ಅದರಲ್ಲಿ ಹೇಳಿದ ಬೀಚಿನಲ್ಲಿ ಕುಳಿತು, ಹೇಳಿದ ದಾರಿಯಲ್ಲಿ ನಡೆದು, ಹೇಳಿದ ಖಾನಾವಳಿಯಲ್ಲಿ ಉಂಡು ಬಂದು, "ಅಪ್ಪಾಜಿ, ಸಿದ್ದಲಿಂಗಣ್ಣ ಬರದದ್ದು ಒಂದೂ ಸುಳ್ಳಾಗಲಿಲ್ಲ" ಎಂದು ಚೀಟಿಯನ್ನು ತಂದೆಯ ಕೈಗೆ ಕೊಟ್ಟಳು. ನಿಜಲಿಂಗಪ್ಪನವರು ಹೆಮ್ಮೆಯಿಂದ ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ತೊಂದರೆ ಶುರುವಾದದ್ದು ಅಲ್ಲಿಂದ.

ಘಟ್ಟದ ಕೆಳಗಿನ ಕಡಲಿನ ವಿಷಯಕ್ಕೆ ಬಂದರೆ ಇಡೀ ಪೇಟೆಗೆ ಸಿದ್ದಲಿಂಗೇಶನದೇ ಕೊನೆಯ ಮಾತು. ಹೊಸದಾಗಿ ಮದುವೆಯಾದವರು, ಹರಕೆ ಹೊತ್ತವರು, ಸೀಜನ್ ಮುಗಿದ ಮೇಲೆ ಮೈ ಹಗುರ ಮಾಡಿಕೊಳ್ಳಲು ಹೊರಟ ವ್ಯಾಪಾರಿಗಳು, ಅಷ್ಟೇಕೆ, ರಾಣೆಬೆನ್ನೂರಿನ ಬೀಜದ ಅಂಗಡಿಯವರು ಕೂಡ ಅವನ ಹತ್ತಿರ ಚೀಟಿ ಬರೆಸಿಕೊಂಡೇ ಬಸ್ಸು ಹತ್ತುತ್ತಿದ್ದರು. ಅವನು ಬರೆಯುತ್ತಿದ್ದದ್ದು ಮಿಕ್ಕುಳಿದ ಟೆಂಡರ ಚೀಟಿಗಳ ಮೇಲೆ. ಮೆಣಸಿನಕಾಯಿ ಕೊಳ್ಳುವವರು ಒಂದೊಂದು ಲಾಟಿಗೆ ತಮ್ಮ ದರ ಬರೆದು ಪೆಟ್ಟಿಗೆಗೆ ಹಾಕುವ ಚೀಟಿ ಅದು. ಒಮ್ಮೆ ಬರೆದು ಹಾಕಿದರೆ ಮುಗಿಯಿತು, ಬ್ರಹ್ಮ ಬಂದರೂ ತಿದ್ದುವಂತಿಲ್ಲ. ಹಾಗಾಗಿ ಚೀಟಿಯಲ್ಲಿದ್ದದ್ದನ್ನು ಸಂಶಯಪಡುವ ಅಭ್ಯಾಸವೇ ಆ ಪೇಟೆಯವರಿಗಿರಲಿಲ್ಲ. ಲಾಟ್ ನಂಬರಿನ ಕೆಳಗೆ ಸಿದ್ದಲಿಂಗೇಶ ಬೀಚಿನ ಹೆಸರು ಬರೆಯುತ್ತಿದ್ದ, ಷರಾದ ಕೆಳಗೆ ಅದರ ಗುಣ. ಹನ್ನೆರಡು ವರ್ಷ ಮೆಣಸಿನಕಾಯಿ ಬಿಟ್ಟು ಬೇರೇನನ್ನೂ ಪರೀಕ್ಷೆ ಮಾಡಿದವನಲ್ಲವಾದ್ದರಿಂದ ಕಡಲಿಗೂ ಅದೇ ಭಾಷೆ, ಕಡ್ಡಿ, ಡಬ್ಬಿ ಎಂಬ ಮೆಣಸಿನಕಾಯಿ ಜಾತಿಗಳ ಹೆಸರೂ ಸೇರಿ.

"ಕುಡ್ಲೆ: ಬಣ್ಣ ಚಲೋ, ತೇವ ಜಾಸ್ತಿ, ಕಸ ಇಲ್ಲ. ಸಂಜೆ ನಾಲ್ಕರ ಮೇಲೆ ನೋಡುವುದು. ಓಂ ಬೀಚ್: ಎರಡು ರಾಶಿ ಒಂದಕ್ಕೊಂದು ಹತ್ತಿವೆ, ಮಾಲು ಒಂದೇ. ಹಾಫ್ ಮೂನ್: ಸಣ್ಣ ಲಾಟು, ಗುಡ್ಡ ಹತ್ತಿ ಇಳಿಯಬೇಕು, ಆದರೆ ಅಸಲಿ ಕಡ್ಡಿ. ಮುರ್ಡೇಶ್ವರ: ಮಿಕ್ಸ್ ಮಾಲು, ಮಂದಿ ಬಹಳ. ಬನ್ಸು ಬೆಳಿಗ್ಗೆ ಎಂಟರೊಳಗೆ ತಿನ್ನುವುದು, ಆಮೇಲೆ ಗಟ್ಟಿ."

ಚೀಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಪಟ್ಟಿ ಇರುತ್ತಿತ್ತು. ಅದು ಗಂಡಸರಿಗೆ ಮಾತ್ರ, ಅದರ ಮಾತು ಆಮೇಲೆ.

ಇಷ್ಟೆಲ್ಲ ಇದ್ದೂ ಒಂದು ಸಣ್ಣ ಕೊರತೆಯಿತ್ತು. ಸಿದ್ದಲಿಂಗೇಶ ಕಡಲನ್ನು ನೋಡಿರಲಿಲ್ಲ.

ಆರು ವರ್ಷದ ಹಿಂದೆ ನೋಡಲೆಂದು ಹೊರಟದ್ದೇನೋ ನಿಜ. ಹಾವೇರಿಯಲ್ಲಿ ಬಸ್ಸು ಹತ್ತಿ, ಶಿರಸಿ ಮುಟ್ಟುವುದರೊಳಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಕಿಟಕಿಯಿಂದ ಹೊರಗೆ ಹೋಗಿ, ಮುಂದಿನ ಘಟ್ಟದ ತಿರುವುಗಳ ವರ್ಣನೆಯನ್ನು ಕಂಡಕ್ಟರನ ಬಾಯಿಂದ ಕೇಳಿ ಅಲ್ಲೇ ಇಳಿದುಬಿಟ್ಟ. ಮೂರು ದಿನ ಲಾಡ್ಜಿನಲ್ಲಿ ಮಲಗಿ ಮಜ್ಜಿಗೆ ಕುಡಿದು ಊರಿಗೆ ಮರಳಿದ. ಬಸ್ ಸ್ಟ್ಯಾಂಡಿನಲ್ಲೇ ಯಾರೋ, "ಹೆಂಗೈತಪಾ ಸಮುದ್ರ?" ಎಂದು ಕೇಳಿದರು. ನಡೆದದ್ದನ್ನು ಹೇಳಲು ನಾಚಿಕೆಯಾಗಿ, "ದೊಡ್ಡದೈತ್ರಿ" ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಎರಡನೆಯ ದಿನ ಇನ್ನೊಬ್ಬರು ಕೇಳಿದಾಗ ಇನ್ನೊಂದು ಮಾತು ಸೇರಿಸಿದ. ಆಮೇಲೆ ಕುಮಟಾ, ಕಾರವಾರಕ್ಕೆ ಮೆಣಸಿನಕಾಯಿ ಒಯ್ಯುವ ಲಾರಿ ಡ್ರೈವರ್ ಮಹಮ್ಮದಗೌಸನಿಗೆ ವಾರವಾರ ಚಹಾ ಕುಡಿಸಿ, ದಂಡೆ ದಂಡೆಯ ವಿವರ ಕೇಳಿ ತಿಳಿದುಕೊಂಡ. ಗೌಸ ಒಳ್ಳೆಯ ತಿರುಗಾಟದ ಮನುಷ್ಯ, ಊಟದ ರುಚಿ ಬಲ್ಲವನು, ಸುಳ್ಳು ಹೇಳುವವನಲ್ಲ. ಆದ್ದರಿಂದ ಸಿದ್ದಲಿಂಗೇಶ ಹೇಳುತ್ತಿದ್ದದ್ದೆಲ್ಲ ನಿಜವೇ. ಅವನು ನೋಡಿದ್ದಾನೆ ಎನ್ನುವುದೊಂದೇ ಸುಳ್ಳು.

ಆ ಒಂದು ಸುಳ್ಳು ಅವನ ಮನೆಯಲ್ಲೇ ಅವನನ್ನು ಹೆಚ್ಚು ಕಾಡುತ್ತಿತ್ತು. ಹೆಂಡತಿ ನಿರ್ಮಲಾ ವರ್ಷಕ್ಕೆರಡು ಸಲವಾದರೂ, "ಊರ ಮಂದಿಗೆಲ್ಲಾ ಚೀಟಿ ಬರದ ಕೊಡ್ತೀರಿ, ನನ್ನ ಒಮ್ಮೆ ಕರಕೊಂಡು ಹೋಗ್ರಿ" ಎನ್ನುತ್ತಿದ್ದಳು. ಅಲ್ಲಿ ಬಸ್ಸಿಳಿದ ಮೇಲೆ ಎಡಕ್ಕೋ ಬಲಕ್ಕೋ ಎಂದು ಅವನು ತಡಬಡಿಸಿದರೆ ಅವಳಿಗೆ ತಿಳಿಯದೇ ಇರುತ್ತದೆಯೇ? ಅದಕ್ಕೆ, "ಏನೈತಿ ಅಲ್ಲಿ? ಬರೇ ನೀರು. ನೋಡಿ ನೋಡಿ ಸಾಕಾಗೇತಿ ನನಗ" ಎಂದು ಆಕಳಿಸುತ್ತಿದ್ದ. ಹಾಗೆ ಆಕಳಿಸಿ ಮಲಗಿದ ಮೇಲೆ ನಿದ್ದೆ ಬರುತ್ತಿರಲಿಲ್ಲ. ಜೀವಮಾನದಲ್ಲಿ ಒಮ್ಮೆ, ಒಂದೇ ಒಂದು ಸಲ ಆ ನೀರಿನಲ್ಲಿ ಕಾಲಿಟ್ಟು ನಿಲ್ಲಬೇಕೆಂಬ ಆಸೆ ಅವನಿಗಿದ್ದಷ್ಟು ಬ್ಯಾಡಗಿಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಎರಡು ಸಾವಿರದ ನಾಲ್ಕನೆಯ ಇಸವಿ, ಫೆಬ್ರುವರಿಯ ಒಂದು ಗುರುವಾರ. ಸಂತೆಯ ದಿನ, ಪೇಟೆಯ ಅಂಗಳವೆಲ್ಲ ಕೆಂಪು. ಹೊಸಬರು ಸೀನುತ್ತಿದ್ದರು, ಹಳಬರು ಚಹಾ ಕುಡಿಯುತ್ತಿದ್ದರು. ಸಿದ್ದಲಿಂಗೇಶ ಲಾಟುಗಳ ನಡುವೆ ನಿಂತು ಚೀಲ ಎಣಿಸುತ್ತಿದ್ದಾಗ ಹಮಾಲರ ಮುಖಂಡ ಬುಡನಸಾಬ ಬೀಸುಗಾಲು ಹಾಕುತ್ತ ಬಂದ.

"ಗುಮಾಸ್ತರ, ಲಗೂ ಬರ್ರಿ. ನಿಮ್ಮ ಕಡಲಾಗಿಂದ ಒಬ್ಬಾಂವ ಎದ್ದು ಬಂದಾನ."

"ಯಾರು?"

"ಕುಮಟಾದಾಂವ. ಶಾನಭಾಗ ಅಂತ, ಮಸಾಲಿ ಮಿಲ್ಲಿನ ಮಾಲಕ. ನಮ್ಮ ಸಾವ್ಕಾರ್ರು ನಿಮ್ಮ ಚೀಟಿ ತಗದು ತೋರಿಸ್ಯಾರ. ನಿಮ್ಮೂರು ನಿಮಗಿಂತ ನಮ್ಮ ಗುಮಾಸ್ತಗ ಛಲೋ ಗೊತ್ತೈತಿ, ಬೇಕಾದ್ರ ಪರೀಕ್ಷಾ ಮಾಡ್ರಿ ಅಂದಾರ. ಅಂವ ಹೂಂ ಅಂದಾನ."

ಸಿದ್ದಲಿಂಗೇಶ ಎಣಿಸುತ್ತಿದ್ದ ಚೀಲಗಳ ಲೆಕ್ಕ ತಪ್ಪಿತು. ಕುಮಟಾದ ಉಮಾನಾಥ ಶಾನಭಾಗರು ಈ ಪೇಟೆಗೆ ಮೊದಲ ಸಲ ಬರುವವರಿದ್ದಾರೆ, ಇಡೀ ಸೀಜನ್ನಿನ ಖರೀದಿಯನ್ನು ಯಾವುದೋ ಒಂದೇ ಅಂಗಡಿಗೆ ಕೊಡುತ್ತಾರೆ ಎಂದು ಎಂಟು ದಿನದಿಂದ ಸುದ್ದಿಯಿತ್ತು. ಹುಟ್ಟಿದಾಗಿನಿಂದ ಕಡಲ ದಂಡೆಯಲ್ಲೇ ಇರುವ ಮನುಷ್ಯ. ಎರಡು ಪ್ರಶ್ನೆ ಕೇಳಿದರೆ ಸಾಕು, ಆರು ವರ್ಷದ ಬಂಡವಾಳ ಬಯಲಾಗುತ್ತದೆ. ಸಾವ್ಕಾರರಿಗೆ ಅವಮಾನ, ಅವನು ಪೇಟೆಯಲ್ಲಿ ತಲೆಯೆತ್ತುವ ಹಾಗಿಲ್ಲ, ಇನ್ನು ನಿರ್ಮಲಾಳಿಗೆ ಮುಖ ಕೊಡುವುದು ಹೇಗೆ?

"ನೀ ನಡಿ, ಬಂದೆ" ಎಂದು ಬುಡನಸಾಬನನ್ನು ಸಾಗಹಾಕಿ, ಸಿದ್ದಲಿಂಗೇಶ ಗೋದಾಮಿನ ಚೀಲಗಳ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತ. ಶಾನಭಾಗರು ಮಧ್ಯಾಹ್ನದ ಬಸ್ಸಿಗೆ ಹೋಗಿಬಿಡಬಹುದು ಎಂಬುದು ಅವನ ಲೆಕ್ಕ. ಆದರೆ ಅವನ ಮೂಗಿನ ಎದುರಿಗೇ ಒಂದು ಚೀಲ ಹರಿದಿತ್ತು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಸೀನದ ಗುಮಾಸ್ತ ಆ ದಿನ ಒಂದರ ಹಿಂದೊಂದು ಹನ್ನೊಂದು ಸೀನು ಸೀನಿದ. ಹತ್ತಿರದಲ್ಲೇ ಮೆಣಸಿನಕಾಯಿಯ ತೊಟ್ಟು, ಪೇಟೆಯ ಮಾತಿನಲ್ಲಿ ತುಂಬು, ಮುರಿಯುತ್ತ ಕುಳಿತ ಹೆಂಗಸರ ಗುಂಪಿನಿಂದ ಗದಿಗೆವ್ವ ಎದ್ದು ಬಂದು ಬಗ್ಗಿ ನೋಡಿದಳು.

"ಇದೇನ ಯಪ್ಪಾ, ಬೆಕ್ಕು ಮರಿ ಹಾಕೇತೇನೋ ಅಂತ ನೋಡಿದ್ರ ನೀ ಕುಂತೀದಿ."

"ಸುಮ್ನಿರಬೇ. ಮೈಯಾಗ ಆರಾಮಿಲ್ಲ. ಜ್ವರ ಬಂದಾವು."

ಗದಿಗೆವ್ವ ಅವನ ಹಣೆಯ ಮೇಲೆ ಕೈಯಿಟ್ಟಳು. ಬೆಳಗಿನಿಂದ ಮೆಣಸಿನಕಾಯಿ ಮುರಿದ ಕೈ. "ತಣ್ಣಗದೀಯಲ್ಲೋ" ಎಂದಳು. ಸಿದ್ದಲಿಂಗೇಶನ ಹಣೆ ಮಾತ್ರ ಉರಿಯತೊಡಗಿತು, ಒರೆಸಿಕೊಳ್ಳಲು ಹೋಗಿ ಕಣ್ಣೂ ಉರಿಯಿತು. ಅಷ್ಟರಲ್ಲಿ ಬುಡನಸಾಬ ಮತ್ತೆ ಹಾಜರಾದ.

"ಎದ್ದು ಬರ್ತೀರೋ, ಎತ್ಕೊಂಡು ಹೋಗ್ಲೋ? ದಿನಾ ಚೀಲ ಎತ್ತಾಂವಗ ನೀವೇನೂ ಭಾರಲ್ಲ."

ಗುಮಾಸ್ತರ ಪರೀಕ್ಷೆಯ ಸುದ್ದಿ ಅಷ್ಟರಲ್ಲಿ ಪೇಟೆಯ ತುಂಬ ಹರಡಿತ್ತು. ತುಂಬು ಮುರಿಯುವ ಹೆಂಗಸರು ಬುಟ್ಟಿ ಬಿಟ್ಟು ಎದ್ದರು. ಹಮಾಲರು ಚೀಲ ಇಳಿಸಿದರು. ಎದುರಿನ ಅಂಗಡಿಯವರು, ತಾವು ಹಿಡಿಯಬೇಕೆಂದಿದ್ದ ಗಿರಾಕಿ ಕೈತಪ್ಪುತ್ತಾನೋ ಇಲ್ಲವೋ ನೋಡಿಬಿಡೋಣ ಎಂದು ಬಂದು ನಿಂತರು. ಕಣ್ಣೀರು ಸುರಿಸುತ್ತ ಬಂದ ಸಿದ್ದಲಿಂಗೇಶ ತನ್ನ ಅಂಗಡಿಯ ಕಟ್ಟೆ ಹತ್ತಿದಾಗ, ಬುತ್ತಿಯ ಡಬ್ಬಿ ಹಿಡಿದು ನಿರ್ಮಲಾ ಕೂಡ ಮೆಟ್ಟಿಲ ಹತ್ತಿರ ನಿಂತಿದ್ದಳು.

"ಯಾಕ್ರೀ ಅಳಾಕತ್ತೀರಿ?" ಎಂದು ಕೇಳಿದಳು.

"ಕುಮಟಾದ ಕಡೇದವ್ರು ಬಂದಾರಲ್ಲ, ಕಡಲು ನೆನಪಾಗೇತಿ ಪಾಪ" ಎಂದು ಗದಿಗೆವ್ವ ವಿವರಿಸಿದಳು.

ಒಳಗೆ ಗಾದಿಯ ಮೇಲೆ ಉಮಾನಾಥ ಶಾನಭಾಗರು ಫ್ಯಾನಿನ ಕೆಳಗೆ ಕುಳಿತಿದ್ದರು. ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಚಿನ್ನದ ಕಟ್ಟಿನ ಕನ್ನಡಕ. ಕೈಯಲ್ಲಿ ಚೀಟಿ. ನಿಜಲಿಂಗಪ್ಪನವರು ಹಣೆಯ ವಿಭೂತಿ ಬೆವರಿನಲ್ಲಿ ಕರಗುವಷ್ಟು ಉತ್ಸಾಹದಲ್ಲಿದ್ದರು.

"ಬಾರಪಾ ಸಿದ್ದಲಿಂಗೇಶ. ಇವ್ರು ಕೇಳ್ತಾರ, ನೀ ಹೇಳು. ಮಂದಿ ಮುಂದ ಆಗ್ಲಿ."

ಶಾನಭಾಗರು ಚೀಟಿಯನ್ನು ಎರಡನೆಯ ಸಲ ಓದಿದರು. ಓದುತ್ತ ಓದುತ್ತ ಹಿಂಬದಿಗೆ ತಿರುಗಿಸಿದರು. ಸಾವ್ಕಾರರ ಅಳಿಯನಿಗೆಂದು ಅಲ್ಲಿ ಬರೆದದ್ದು ಸಿದ್ದಲಿಂಗೇಶನಿಗೆ ಅಕ್ಷರಶಃ ನೆನಪಿತ್ತು. "ಬಂಗಡೆ ಹುರಿದದ್ದು: ನಮ್ಮ ಮೆಣಸಿನಕಾಯಿಗೆ ಸಿಕ್ಕ ಸದ್ಗತಿ. ಗೋವಾದ ಪೋರ್ಟ್ ವೈನು, ಕಾರವಾರದಲ್ಲಿ ಸಿಗುತ್ತದೆ: ಬಣ್ಣ ಡಬ್ಬಿ, ಖಾರ ಇಲ್ಲ, ಊಟದ ಮೊದಲು. ಗೇರುಹಣ್ಣಿನ ಫೆನ್ನಿ: ವಾಸನೆ ವಿಪರೀತ, ಎರಡಕ್ಕೆ ನಿಲ್ಲಿಸುವುದು, ಮೂರಕ್ಕೆ ಮಾಲಕರು ಜವಾಬ್ದಾರರಲ್ಲ." ಮಾಂಸದ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ನಿಜಲಿಂಗಪ್ಪನವರು ಇಷ್ಟು ದಿನ ಆ ಬದಿಯನ್ನು ನೋಡಿಯೇ ಇರಲಿಲ್ಲ.

"ಹಿಂದ ಏನೈತ್ರಿ?" ಎಂದು ಅವರು ಕುತ್ತಿಗೆ ಚಾಚಿದರು.

ಶಾನಭಾಗರು ಕನ್ನಡಕದ ಮೇಲಿನಿಂದ ಸಿದ್ದಲಿಂಗೇಶನನ್ನು ಒಮ್ಮೆ ನೋಡಿ, ಚೀಟಿ ಮಡಚಿದರು. "ಎಂತದೋ ಕಷಾಯದ ವಿಷಯ ಬರ್ದಿದ್ದಾರೆ. ಹೊಟ್ಟೆಗೆ ಒಳ್ಳೇದು."

"ಭಾಳ ತಿಳುವಳಿಕಿ ಹುಡುಗ" ಎಂದರು ನಿಜಲಿಂಗಪ್ಪನವರು.

ಪರೀಕ್ಷೆ ಶುರುವಾಯಿತು. "ಗೋಕರ್ಣದಿಂದ ಓಂ ಬೀಚಿಗೆ ಹೇಗೆ ಹೋಗ್ತೀರಿ?" ಎಂದು ಶಾನಭಾಗರು ಕೇಳಿದರು. ಸಿದ್ದಲಿಂಗೇಶ ಗೌಸನನ್ನು ಮನಸ್ಸಿನಲ್ಲಿ ನೆನೆದು, ಕುಡ್ಲೆಯ ಉಸುಕು ದಾಟಿ, ಗುಡ್ಡ ಹತ್ತಿ, ಕೆಂಪು ಕಲ್ಲಿನ ದಾರಿ ಹಿಡಿದು ನಡೆಯತೊಡಗಿದ. ಗುಡ್ಡದ ತುದಿಯಿಂದ ಕೆಳಗೆ ನೋಡಿದರೆ ನೀರು ಬೆಳಿಗ್ಗೆ ಯಾವ ಬಣ್ಣ, ಸಂಜೆ ಯಾವ ಬಣ್ಣ, ಎಲ್ಲಿ ಚಪ್ಪಲಿ ಕೈಯಲ್ಲಿ ಹಿಡಿಯಬೇಕು, ಎಲ್ಲಿ ಬಂಡೆ ಜಾರುತ್ತದೆ, ಎಲ್ಲವನ್ನೂ ಹೇಳಿದ. ಹೇಳುವಾಗ ಅವನಿಗೆ ಎಂದಿನಂತೆ ತಾನೇ ಅಲ್ಲಿ ನಿಂತ ಹಾಗಾಯಿತು. ಮೆಣಸಿನ ಕಣ್ಣೀರು ಇನ್ನೂ ಇಳಿಯುತ್ತಿದ್ದದ್ದರಿಂದ ಕೇಳಿದವರಿಗೂ ಹಾಗೆಯೇ ಆಯಿತು.

ಎಲ್ಲರೂ ಶಾನಭಾಗರ ಕಡೆ ತಿರುಗಿದರು. "ಸರಿ ಇದೆ" ಎಂದರು ಶಾನಭಾಗರು.

ಹಮಾಲರು ಚಪ್ಪಾಳೆ ತಟ್ಟಿದರು. ಇನ್ನೊಂದು ಪ್ರಶ್ನೆ, ಇನ್ನೊಂದು ಉತ್ತರ, ಮತ್ತೊಮ್ಮೆ "ಸರಿ ಇದೆ". ಪತ್ರೊಡೆ ಯಾವ ತಿಂಗಳು ತಿನ್ನಬೇಕು, ಸೋಲ್ ಕಢಿ ಊಟದ ಯಾವ ಹಂತದಲ್ಲಿ ಕುಡಿಯಬೇಕು, ಅಪ್ಸರಕೊಂಡದಲ್ಲಿ ಎಷ್ಟು ಹೊತ್ತಿಗೆ ಕುಳಿತರೆ ಸೂರ್ಯ ಪೂರ್ತಿ ಮುಳುಗುವುದು ಕಾಣುತ್ತದೆ, ಎಲ್ಲವೂ ಸರಿ. ಆಗ ಗದಿಗೆವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ನಂದೊಂದು ಐತಿ. ಗೋಕರ್ಣದಿಂದ ಇವ್ರ ಕುಮಟಾಕ್ಕ ದಂಡಿ ಹಿಡದು ನಡಕೊಂತ ಹೋಗಬಹುದೇನು?"

ಗೆಲುವಿನ ಹುಮ್ಮಸ್ಸಿನಲ್ಲಿದ್ದ ಸಿದ್ದಲಿಂಗೇಶ ಹಿಂದೆ ಮುಂದೆ ನೋಡದೆ, "ಯಾಕ ಬರೂದಿಲ್ಲಬೇ? ಅರ್ಧಾ ತಾಸಿನ ದಾರಿ" ಎಂದುಬಿಟ್ಟ.

ಮಾತು ಹೊರಬಿದ್ದ ಮೇಲೆ ಗೌಸ ಹೇಳಿದ್ದು ನೆನಪಾಯಿತು. ನಡುವೆ ಅಘನಾಶಿನಿ ನದಿ ಕಡಲು ಸೇರುತ್ತದೆ. ಅಷ್ಟಗಲದ ನೀರು, ದೋಣಿಯಿಲ್ಲದೆ ದಾಟುವ ಹಾಗಿಲ್ಲ. ಅರ್ಧ ತಾಸಿನಲ್ಲಿ ನಡೆದು ಹೋಗುವುದು ಹನುಮಪ್ಪನೊಬ್ಬನಿಂದ ಮಾತ್ರ ಸಾಧ್ಯ. ಕುಮಟಾದ ಹಸುಗೂಸಿಗೂ ಇದು ಗೊತ್ತಿರುತ್ತದೆ. ಮುಗಿಯಿತು ಎಂದುಕೊಂಡು ಸಿದ್ದಲಿಂಗೇಶ ನಿರ್ಮಲಾಳ ಕಡೆ ನೋಡದೆ ನೆಲ ನೋಡುತ್ತ ನಿಂತ.

ಶಾನಭಾಗರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ನೂರಾರು ಜನ ಅವರ ಬಾಯನ್ನೇ ನೋಡುತ್ತಿದ್ದರು.

"ಸರಿ ಇದೆ" ಎಂದರು. "ಅರ್ಧ ತಾಸೇ. ನಾನೇ ದಿನಾ ಬೆಳಿಗ್ಗೆ ಆ ದಾರಿಯಲ್ಲಿ ವಾಕಿಂಗ್ ಹೋಗೋದು."

ಸಿದ್ದಲಿಂಗೇಶ ತಲೆಯೆತ್ತಿ ಅವರ ಕಣ್ಣು ನೋಡಿದ. ಆ ನೋಟ ಅವನಿಗೆ ಹೊಸದಲ್ಲ. ಆರು ವರ್ಷದಿಂದ ದಿನಾ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದ.

ಮುಂದಿನದೆಲ್ಲ ಜಯಜಯಕಾರ. ನಿಜಲಿಂಗಪ್ಪನವರು ಎಲ್ಲರಿಗೂ ಮಂಡಕ್ಕಿ ಮಿರ್ಚಿ ಹೇಳಿದರು. ಸೀಜನ್ನಿನ ಖರೀದಿ ಪೂರ್ತಿ ಈ ಅಂಗಡಿಗೇ ಎಂದು ಶಾನಭಾಗರು ಅಲ್ಲೇ ಮಾತು ಕೊಟ್ಟರು. ಎದುರಿನ ಅಂಗಡಿಯವರು ಮಿರ್ಚಿ ಮುಟ್ಟದೆ ಹೋದರು. ಬುಡನಸಾಬ ಗುಮಾಸ್ತನನ್ನು ನಿಜವಾಗಿಯೂ ಎತ್ತಿ ಹೆಗಲ ಮೇಲೆ ಕೂಡಿಸಿಕೊಂಡು ಅಂಗಳ ಒಂದು ಸುತ್ತು ಬಂದ. ನಿರ್ಮಲಾ ಅಕ್ಕಪಕ್ಕದವರಿಗೆಲ್ಲ, "ನಮ್ಮನಿಯವ್ರು" ಎಂದು ಹೇಳಿಕೊಂಡಳು, ಅವರಿಗೆ ಅದು ಮೊದಲೇ ಗೊತ್ತಿದ್ದರೂ.

ಗದ್ದಲ ಕಡಿಮೆಯಾದ ಮೇಲೆ ಶಾನಭಾಗರು ಮಾಲು ನೋಡುವ ನೆವದಿಂದ ಸಿದ್ದಲಿಂಗೇಶನನ್ನು ಗೋದಾಮಿಗೆ ಕರೆದುಕೊಂಡು ಹೋದರು.

"ಮಾರಾಯ್ರೆ, ಒಂದು ಮಾತು ಕೇಳಿದ್ರೆ ನಗಬಾರ್ದು" ಎಂದು ದನಿ ತಗ್ಗಿಸಿದರು. "ನಮ್ಮನೆಯಿಂದ ಕಡಲು ಒಂದೂವರೆ ಮೈಲು. ಬೆಳಿಗ್ಗೆ ಆರಕ್ಕೆ ಮಿಲ್ಲಿಗೆ ಹೋದವ ನಾನು ರಾತ್ರಿ ಬರೋದು. ದಂಡೆಗೆ ಕಡೇ ಸಲ ಹೋದದ್ದು ಅಪ್ಪನ ಬೂದಿ ಬಿಡ್ಲಿಕ್ಕೆ. ಓಂ ಬೀಚು, ಹಾಫ್ ಮೂನು ಎಲ್ಲ ಹೆಸರು ಕೇಳಿದ್ದು ಬಿಟ್ರೆ ಎಂತ ಗೊತ್ತಿಲ್ಲ. ಹೆಂಡತಿ ಕೇಳಿ ಕೇಳಿ ಬಿಟ್ಟಿದ್ದಾಳೆ. ನಿಮ್ಮ ಚೀಟಿ ಓದಿದ ಮೇಲೆ ನಂಗೆ ಮೊದಲ್ನೇ ಸಲ ಕಡಲು ಅಂದ್ರೆ ಎಂತದು ಅಂತ ತಿಳೀತು. ತೇವ ಜಾಸ್ತಿ, ಕಸ ಇಲ್ಲ. ಇಷ್ಟು ಸರಿಯಾಗಿ ಯಾರೂ ಹೇಳಿರ್ಲಿಲ್ಲ. ನಂಗೂ ಒಂದು ಬರ್ದು ಕೊಡಿ. ಎರಡೂ ಬದಿ."

ಸಿದ್ದಲಿಂಗೇಶ ಚೀಲದ ಮೇಲೆ ಟೆಂಡರ ಚೀಟಿ ಇಟ್ಟುಕೊಂಡು, ಕುಮಟಾದ ಮನುಷ್ಯನಿಗೆ ಕುಮಟಾದ ಕಡಲನ್ನು ಬರೆದುಕೊಟ್ಟ. ಅಘನಾಶಿನಿಗೆ ದೋಣಿಯನ್ನೂ ಸೇರಿಸಿದ. ಜೀವನದಲ್ಲಿ ಇಷ್ಟು ಸುಖವಾಗಿ ಅವನು ಯಾವತ್ತೂ ಬರೆದಿರಲಿಲ್ಲ.

ಹೊರಗೆ ಬಂದ ಶಾನಭಾಗರು ಎಲ್ಲರೆದುರು ಘೋಷಣೆ ಮಾಡಿಯೇಬಿಟ್ಟರು. "ಶನಿವಾರ ನಸುಕಿಗೆ ವ್ಯಾನು ಕಳಿಸ್ತೆ. ಅಂಗಡಿಯವರೆಲ್ಲ ಬನ್ನಿ, ಹೆಂಗಸರೂ ಬರ್ಲಿ, ಹಮಾಲರೂ ಬರ್ಲಿ. ಎರಡು ದಿನ ನಮ್ಮನೇಲೇ ಊಟ, ವಸತಿ. ನಮ್ಮನೆಯವರೂ ಸೇರಿ ಎಲ್ಲ ಒಟ್ಟಿಗೆ ಈ ಚೀಟಿ ಹಿಡ್ಕೊಂಡು ತಿರುಗುವ."

ಸಿದ್ದಲಿಂಗೇಶನಿಗೆ ನಿಂತ ಕಟ್ಟೆಯೇ ತೇಲಿದ ಹಾಗಾಯಿತು. ಕಡಲು ತಾನಾಗಿ ಮನೆ ಬಾಗಿಲಿಗೆ ಬಂದಿತ್ತು. ಕರೆದುಕೊಂಡು ಹೋಗುವವನಿಗೇ ದಾರಿ ಗೊತ್ತಿಲ್ಲ, ಹಾಗಾಗಿ ತಾನು ಎಡವಿದರೂ ಹಿಡಿಯುವವರಿಲ್ಲ. ಶನಿವಾರ ಸಂಜೆ ನಾಲ್ಕರ ಮೇಲೆ ಕುಡ್ಲೆಯ ನೀರಿನಲ್ಲಿ, ನಿರ್ಮಲಾಳ ಪಕ್ಕದಲ್ಲಿ, ಪ್ಯಾಂಟು ಮೊಣಕಾಲಿಗೆ ಮಡಚಿ ನಿಲ್ಲುವ ತನ್ನನ್ನು ಅವನು ಸ್ಪಷ್ಟವಾಗಿ ಕಂಡ. ಅಳು ಬಂತು, ಈ ಸಲ ಮೆಣಸಿನಕಾಯಿಯಿಂದಲ್ಲ.

"ಅದೆಲ್ಲಾ ಖರೇ" ಎಂದರು ನಿಜಲಿಂಗಪ್ಪನವರು, ಗಲ್ಲ ಕೆರೆದುಕೊಳ್ಳುತ್ತ. "ಆದ್ರ ಅಂಗಡಿ ಖಾಲಿ ಬಿಟ್ಟು ಹೋಗಾಕ ಬರೂದಿಲ್ಲ. ಶಾನಭಾಗರ ಮೊದಲ್ನೇ ಮಾಲು ಸೋಮವಾರ ಮುಂಜಾನೆ ಲಾರಿ ಹತ್ತಬೇಕು. ಒಬ್ಬರರ ಇಲ್ಲಿರಬೇಕಲ್ಲ."

ಎಲ್ಲರೂ ಯೋಚನೆಗಿಳಿದರು. ಬುಡನಸಾಬ ಇದುವರೆಗೆ ತುಂಗಭದ್ರೆಯ ಆಚೆಗೆ ನೀರು ನೋಡಿದವನಲ್ಲ, ಅವನನ್ನು ಬಿಡುವುದು ಪಾಪ. ಗದಿಗೆವ್ವ ಕಾಗಿನೆಲೆ ಬಿಟ್ಟರೆ ಬ್ಯಾಡಗಿ, ಬ್ಯಾಡಗಿ ಬಿಟ್ಟರೆ ಕಾಗಿನೆಲೆ. ಸಾವ್ಕಾರರು ಹೋಗದಿದ್ದರೆ ಮರ್ಯಾದೆಯಲ್ಲ. ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು.

"ಅದಕ್ಯಾಕ ಇಷ್ಟ ಚಿಂತಿ?" ಎಂದಳು ಗದಿಗೆವ್ವ. "ನೋಡಿ ನೋಡಿ ಸಾಕಾದಾಂವ ಒಬ್ಬ ಅದಾನಲ್ಲ."

"ಖರೇ ಐತಿ" ಎಂದ ಬುಡನಸಾಬ. "ಗುಮಾಸ್ತರಿಗೆ ಅಲ್ಲಿ ಹೊಸಾದೇನೈತಿ? ಸುಮ್ನ ಒಂದು ಸೀಟು ದಂಡ."

ಸಿದ್ದಲಿಂಗೇಶ ಬಾಯಿ ತೆರೆದ. ಒಂದೇ ಮಾತು ಸಾಕಿತ್ತು: ನಾನು ನೋಡಿಲ್ಲ. ಅಷ್ಟು ಹೇಳಿದ್ದರೆ ಕಿಟಕಿಯ ಪಕ್ಕದ ಸೀಟೇ ಸಿಗುತ್ತಿತ್ತು. ಆದರೆ ಈಗಷ್ಟೇ ಹೆಗಲ ಮೇಲೆ ಮೆರೆದು ಬಂದವನು, ಸಾವ್ಕಾರರ ಖರೀದಿ ಗೆದ್ದುಕೊಟ್ಟವನು, ಹೆಂಡತಿ ಎದುರಿಗೆ ನಿಂತು ಹೆಮ್ಮೆಯಿಂದ ನೋಡುತ್ತಿರುವಾಗ ಆ ಮಾತನ್ನು ಎಲ್ಲಿಂದ ತರುವುದು? ತೆರೆದ ಬಾಯಿಂದ ಆರು ವರ್ಷದ ಅಭ್ಯಾಸವೇ ಹೊರಬಿತ್ತು.

"ಹೂಂ ಮತ್ತ. ಏನೈತಿ ಅಲ್ಲಿ, ಬರೇ ನೀರು" ಎಂದು ಆಕಳಿಸಿದ.

ಶನಿವಾರ ನಸುಕಿನಲ್ಲಿ ವ್ಯಾನು ಹೋಯಿತು. ನಿರ್ಮಲಾ ತಾನೂ ಗಂಡನಿಂದ ಬರೆಸಿಕೊಂಡ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು, ಮುಂದಿನ ಸೀಟಿನಲ್ಲಿ ಕುಳಿತು ಕೈ ಬೀಸಿದಳು. ಸಿದ್ದಲಿಂಗೇಶ ಎರಡು ದಿನ ಚೀಲ ಹೊಲಿಸಿದ, ಲೇಬಲ್ ಬರೆದ, ತಣ್ಣಗಿನ ರೊಟ್ಟಿ ತಿಂದ. ರವಿವಾರ ಸಂಜೆ ಅಂಗಡಿಯ ಫೋನು ರಿಂಗಣಿಸಿತು. ಶಾನಭಾಗರ ಮೊಬೈಲಿನಿಂದ ನಿರ್ಮಲಾ. ಅವಳ ದನಿಯ ಹಿಂದೆ ಏನೋ ಒಂದೇ ಸಮನೆ ಉಸಿರಾಡುತ್ತಿತ್ತು, ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು.

"ಏನ್ರೀ, ಕುಡ್ಲೆಯೊಳಗ ನಿಂತೇನಿ. ಮೊಣಕಾಲತನಕ ನೀರು. ಗದಿಗೆವ್ವ ನೀರಾಗ ಕುಂತಾಳ, ಏಳವಲ್ಲಳು. ನೀವು ಬರದದ್ದೆಲ್ಲಾ ಖರೇ ಐತಿ. ಆದ್ರ ಇಂಥಾದ್ದನ್ನ ನೋಡಿ ನಿಮಗ ಬ್ಯಾಸರಾ ಹೆಂಗ ಆತು ಅನ್ನೂದೊಂದು ತಿಳೀವಲ್ದು."

ಸಿದ್ದಲಿಂಗೇಶ ರಿಸೀವರನ್ನು ಕಿವಿಗೆ ಒತ್ತಿ ಹಿಡಿದ. "ನಿರ್ಮಲಾ, ಮುಂದಿನ ವರ್ಷ..." ಎಂದು ಶುರುಮಾಡಿದ.

"ಅದನ್ನ ಹೇಳಾಕತ್ತೇನಿ" ಎಂದಳು ಅವಳು, ಬಹಳ ಅಕ್ಕರೆಯಿಂದ. "ಇಷ್ಟು ವರ್ಷ ಕರಕೊಂಡು ಹೋಗ್ರಿ ಅಂತ ನಿಮ್ಮ ಜೀವಾ ತಿಂದೆ. ಇನ್ನ ಆ ತ್ರಾಸಿಲ್ಲ ನಿಮಗ. ಶಾನಭಾಗರ ಮನಿಯವ್ರೂ ನಾನೂ ಮಾತಾಡಿಕೊಂಡೇವಿ. ವರ್ಷಾ ವರ್ಷಾ ನಾವು ಹೆಣ್ಮಕ್ಕಳ ಬರ್ತೇವಿ. ನೀವು ಆರಾಮ ಮನ್ಯಾಗ ಇರ್ರಿ. ಚೀಟಿ ಅಷ್ಟು ಬರದ ಕೊಡ್ರಿ, ಸಾಕು."